ಮೊಡವೆಗೆ ಯಾರು ಹೊಣೆ?

ಹದಿನಾರರ ಹುಡುಗನ ಮುಖದಲ್ಲಿ ಮೊಡವೆ ಎದ್ದರೆ ನಮ್ಮ ತುಮಕೂರು ಸೀಮೆಯಲ್ಲಿ ಮೂರು ಉತ್ತರ ಯಾವಾಗಲೂ ರೆಡಿ. ಅಜ್ಜಿ ಹೇಳೋದು, "ಉಷ್ಣ ಜಾಸ್ತಿ ಆಗೈತೆ ಕಣೋ, ಹಲಸಿನಹಣ್ಣು ಬಿಡು." ಅಮ್ಮ ಹೇಳೋದು, "ಮುಖ ನೆಟ್ಟಗೆ ತೊಳ್ಕೊಳಲ್ಲ, ಅದಕ್ಕೇ." ಫ್ರೆಂಡ್ಸ್ ಹೇಳೋದು, "ಯಾರೋ ನಿನ್ ಮೇಲೆ ಕಣ್ ಹಾಕವ್ರೆ ಮಗಾ." ಉಷ್ಣ, ಕೊಳಕು, ಆಸೆ. ಇಷ್ಟರಲ್ಲಿ ಕೇಸು ಮುಗೀತು.

ಈ ಮೂರು ಉತ್ತರಗಳು ಇವತ್ತು ನಿನ್ನೆ ಹುಟ್ಟಿದವಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಲ್ಲಿ ದೊಡ್ಡ ವೈದ್ಯರೂ ಇಂಥವೇ ಕಾರಣ ಹೇಳಿದ್ದಾರೆ. ಮೂರಕ್ಕೂ ಒಂದು ಸಾಮ್ಯ ಇದೆ, ಗಮನಿಸಿ. ಮೂರರಲ್ಲೂ ತಪ್ಪು ಮೊಡವೆ ಬಂದವರದ್ದೇ. ತಿಂದಿದ್ದು ತಪ್ಪು, ತೊಳೆಯದೆ ಇದ್ದಿದ್ದು ತಪ್ಪು, ಮನಸ್ಸಿನಲ್ಲಿ ಅಂದುಕೊಂಡಿದ್ದೂ ತಪ್ಪು. ನೆಗಡಿ ಬಂದವರನ್ನು ಯಾರೂ ಹೀಗೆ ವಿಚಾರಣೆಗೆ ನಿಲ್ಲಿಸಲ್ಲ. 12ರಿಂದ 24ರ ವಯಸ್ಸಿನಲ್ಲಿ ನೂರಕ್ಕೆ ಸುಮಾರು 85 ಜನಕ್ಕೆ ಒಂದಲ್ಲ ಒಂದು ಮಟ್ಟದಲ್ಲಿ ಬಂದು ಹೋಗುವ ತೊಂದರೆಗೆ ಮಾತ್ರ ಇಷ್ಟೆಲ್ಲ ತನಿಖೆ.

ಇದು ಬರೀ ಮಾತಿನ ವಿಷಯ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹೊಣೆ ಯಾರದ್ದು ಅಂತ ತೀರ್ಮಾನ ಆದ ಮೇಲೆ ಮದ್ದೂ ಅದಕ್ಕೆ ತಕ್ಕ ಹಾಗೇ ಬರುತ್ತೆ. ಉಷ್ಣ ಅಂದರೆ ಪಥ್ಯ, ಕೊಳಕು ಅಂದರೆ ಉಜ್ಜು, ಆಸೆ ಅಂದರೆ ಮದುವೆ. ಯಾವುದೂ ನಡೆಯದಿದ್ದಾಗ ಮೆಡಿಕಲ್ ಸ್ಟೋರಿನ ಟ್ಯೂಬು. ಮೊಡವೆ ತಾನಾಗಿ ಮಾಡುವ ಹಾನಿಗಿಂತ ಮದ್ದು ಮಾಡಿದ ಹಾನಿಯೇ ಹೆಚ್ಚಾದ ಉದಾಹರಣೆಗಳು ಈ ಚರಿತ್ರೆಯಲ್ಲಿ ಬೇಕಾದಷ್ಟಿವೆ.

ಹಲಸಿನಹಣ್ಣಿನಿಂದಲೇ ಶುರು ಮಾಡೋಣ. ಬೆಂಗಳೂರಿಂದ ತುಮಕೂರಿಗೆ ಹೋಗುವಾಗ ಡಾಬಸ್‌ಪೇಟೆ ದಾಟಿದ ಮೇಲೆ, ಕ್ಯಾತ್ಸಂದ್ರಕ್ಕಿಂತ ಮುಂಚೆ ಹಿರೇಹಳ್ಳಿ ಸಿಗುತ್ತೆ. ವೀಕೆಂಡಿಗೆ ಊರಿಗೆ ಓಡುವ ನಾವು ಅದನ್ನ ಕಿಟಕಿಯಿಂದ ಸರಿಯಾಗಿ ನೋಡೋದೂ ಇಲ್ಲ. ಅಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಒಂದು ಪ್ರಯೋಗ ಕೇಂದ್ರ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಹಲಸಿನ ಮರವೊಂದನ್ನ ಗುರುತಿಸಿ, 'ಸಿದ್ದು' ಅನ್ನೋ ಹೆಸರಿನಲ್ಲಿ ತಳಿಯಾಗಿ ಬೆಳಕಿಗೆ ತಂದಿದ್ದು ಈ ಕೇಂದ್ರದ ವಿಜ್ಞಾನಿಗಳು. ತಾಮ್ರಗೆಂಪಿನ ತೊಳೆ, ಪುಟ್ಟ ಹಣ್ಣು. ಆ ಬಣ್ಣಕ್ಕೆ ಕಾರಣ ಕೆರೋಟಿನಾಯ್ಡ್ ಅನ್ನೋ ಪದಾರ್ಥಗಳು. ಈ ಗುಂಪಿನ ಕೆಲವು ನಮ್ಮ ದೇಹದಲ್ಲಿ ವಿಟಮಿನ್ 'ಎ' ಆಗಿ ಬದಲಾಗ್ತವೆ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಲಸು ಉಷ್ಣ, ಉಷ್ಣದಿಂದ ಮೊಡವೆ ಅನ್ನೋದು ಆಯುರ್ವೇದದ ಮಾತು ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಸುಶ್ರುತ ಸಂಹಿತೆ ತೆಗೆದು ನೋಡಿದರೆ ಆಶ್ಚರ್ಯ ಆಗುತ್ತೆ. ಕ್ಷುದ್ರರೋಗಗಳ ಪಟ್ಟಿಯಲ್ಲಿ 'ಮುಖದೂಷಿಕಾ' ಅಂತ ಮೊಡವೆಯ ವಿವರ ಇದೆ. ಬೂರುಗದ ಮರದ ಮುಳ್ಳಿನ ಹಾಗೆ ಕಾಣುವ ಗುಳ್ಳೆಗಳು, ಹರೆಯದವರ ಮುಖದಲ್ಲಿ ಬರುತ್ತವೆ, ಕಾರಣ ಕಫ, ವಾತ ಮತ್ತು ರಕ್ತ ಅನ್ನೋದು ಅದರ ಸಾರ. ಪಿತ್ತದ ಹೆಸರನ್ನು ಸುಶ್ರುತ ಅಲ್ಲಿ ಎತ್ತಿಲ್ಲ. ಹಲಸು, ಮಾವಿನ ಮೇಲಂತೂ ಆರೋಪವೇ ಇಲ್ಲ. ಬೂರುಗದ ಮರದ ಬುಡವನ್ನ ಹತ್ತಿರದಿಂದ ನೋಡಿದವರಿಗೆ ಈ ಹೋಲಿಕೆ ಎಷ್ಟು ಸರಿಯಾಗಿದೆ ಅಂತ ಗೊತ್ತಾಗುತ್ತೆ. ಅಗಲ ಬುಡದ, ಮೊನೆ ಕೂತ ಗಡುಸು ಗಂಟು. ಕೀವು ತುಂಬಿದ ಮೊಡವೆ ಹಾಗೇ ತಾನೇ ಇರೋದು?

ಸುಶ್ರುತನ ಮದ್ದು ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಯ ಲೇಪ. ಜೊತೆಗೆ ವಮನ, ಅಂದರೆ ವಾಂತಿ ಮಾಡಿಸೋದು. ಲೇಪದಿಂದ ಎಷ್ಟು ಜನಕ್ಕೆ ಗುಣ ಆಯ್ತೋ, ಆದರೆ ಒಂದು ವಿಷಯ ಮೆಚ್ಚಬೇಕು. ಇದು ಹರೆಯದ ತೊಂದರೆ ಅನ್ನೋದನ್ನ ಅವರು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದರು. ಮುಂದೆ ಬಂದ ಗ್ರಂಥಗಳಲ್ಲಿ ಇದಕ್ಕೆ 'ಯುವಾನಪಿಡಕಾ' ಅನ್ನೋ ಹೆಸರೇ ಬಂತು. ಯುವಕರ ಗುಳ್ಳೆ, ಅಷ್ಟೇ. ತಪ್ಪು ಯಾರದ್ದು ಅನ್ನೋ ಪ್ರಶ್ನೆ ಆ ಹೆಸರಿನಲ್ಲಿ ಇಲ್ಲ.

ಹಾಗಾದರೆ ಹಲಸಿನ ಮೇಲೆ ಗೂಬೆ ಕೂರಿಸಿದ್ದು ಯಾರು? ಬಹುಶಃ ಕ್ಯಾಲೆಂಡರು. ಹಲಸು, ಮಾವು ಬರೋದು ಬೇಸಿಗೆಯಲ್ಲಿ. ಬೆವರು, ಧೂಳು, ಪರೀಕ್ಷೆಯ ನಿದ್ದೆಗೇಡು ಎಲ್ಲಾ ಅದೇ ಕಾಲಕ್ಕೆ. ಮುಖದಲ್ಲಿ ಗುಳ್ಳೆ ಎದ್ದಾಗ ಕೈಯಲ್ಲಿ ಹಲಸಿನ ತೊಳೆ ಇದ್ದರೆ ಅನುಮಾನ ಅದರ ಮೇಲೇ ಬರೋದು ಸಹಜ.

ದೂರದ ಗ್ರೀಕರ ಲೋಕದಲ್ಲೂ ವಯಸ್ಸಿನ ಕಡೆಗೇ ಬೆರಳು. ಆರನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್‌ನ ಆಸ್ಥಾನದಲ್ಲಿದ್ದ ವೈದ್ಯ ಅಮಿಡಾದ ಏಟಿಯಸ್ ಮುಖದ ಗುಳ್ಳೆಗಳ ಬಗ್ಗೆ ಬರೆದಿದ್ದಾನೆ. ಇವತ್ತಿನ 'ಆಕ್ನೆ' ಅನ್ನೋ ಪದದ ಬೇರು ಅಲ್ಲಿದೆ ಅಂತ ಹೇಳ್ತಾರೆ. 'ಆಕ್ಮೆ' ಅಂದರೆ ತುತ್ತತುದಿ, ಪ್ರಾಯದ ಉಚ್ಚ ಘಟ್ಟ. ಅದನ್ನ ನಕಲು ಮಾಡುವಾಗ ಯಾರೋ ಒಂದು ಅಕ್ಷರ ತಪ್ಪಿ ಬರೆದು 'ಆಕ್ನೆ' ಆಯ್ತು ಅನ್ನೋದು ಪ್ರಚಲಿತವಾದ ಒಂದು ವಾದ. ಅದು ನಿಜವಾದರೆ ಜಗತ್ತಿನ ಕೋಟ್ಯಂತರ ಹದಿಹರೆಯದವರು ಒಬ್ಬ ಗುಮಾಸ್ತನ ಕೈತಪ್ಪನ್ನ ಮುಖದ ಮೇಲೆ ಹೊತ್ತು ತಿರುಗ್ತಿದ್ದಾರೆ.

ನಮ್ಮ ಕಡೆ ಮುಖದ ಆರೈಕೆ ವೈದ್ಯರ ಕೆಲಸಕ್ಕಿಂತ ಹೆಚ್ಚಾಗಿ ಸ್ನಾನದ ಮನೆಯ ಕೆಲಸ ಆಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಎಣ್ಣೆ, ಸ್ನಾನ, ಲೇಪನಗಳನ್ನ ರಾಜಭೋಗಗಳ ಸಾಲಿಗೆ ಸೇರಿಸಿದ್ದಾರೆ. ಅದಕ್ಕೂ ನೂರು ವರ್ಷ ಮುಂಚೆ ಎರಡನೇ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ವೈದ್ಯ, ಬಾವಿ ತೋಡೋದರ ಜೊತೆಗೆ ಸುಗಂಧ ತಯಾರಿಕೆಯೂ ಇದೆ. ಹಳ್ಳಿಯ ಮನೆಗಳಲ್ಲಿ ಕಡಲೆಹಿಟ್ಟು, ಹೆಸರುಹಿಟ್ಟು, ಅರಿಶಿನ, ತೇದ ಗಂಧ. ಇವು ಮೊಡವೆ ವಾಸಿ ಮಾಡಿದವು ಅಂತ ಹೇಳಕ್ಕಾಗಲ್ಲ. ಆದರೆ ದೊಡ್ಡ ಕೆಡುಕನ್ನೂ ಮಾಡಲಿಲ್ಲ. ಮುಂದೆ ಬರುವ ಕಥೆ ನೋಡಿದರೆ ಇದೇನು ಸಣ್ಣ ಗುಣ ಅಲ್ಲ.

ಈಗ ಅಮ್ಮನ ಆರೋಪಕ್ಕೆ ಬರೋಣ. ಕೊಳಕು.

1813ರಲ್ಲಿ ಲಂಡನ್ನಿನ ಥಾಮಸ್ ಬೇಟ್‌ಮನ್ ತನ್ನ ಗುರು ರಾಬರ್ಟ್ ವಿಲ್ಲನ್ ಹಾಕಿಕೊಟ್ಟ ದಾರಿಯಲ್ಲಿ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ರೂಪದ ಮೇಲೆ ವರ್ಗ ಮಾಡಿದ. ಅಲ್ಲಿ ಮೊಡವೆಗೂ ಒಂದು ಜಾಗ ಸಿಕ್ಕಿತು. ಆಮೇಲೆ ಸೂಕ್ಷ್ಮದರ್ಶಕದ ಕಾಲ. 1842ರಲ್ಲಿ ಜರ್ಮನಿಯ ಗುಸ್ತಾವ್ ಸೈಮನ್ ಮೊಡವೆಯ ರಸದಲ್ಲಿ ಒಂದು ಸಣ್ಣ ಹುಳ ಕಂಡ. 1896ರಲ್ಲಿ ಪಾಲ್ ಉನ್ನಾ ಬ್ಯಾಕ್ಟೀರಿಯಾ ಕಂಡ, ಮರುವರ್ಷ ಪ್ಯಾರಿಸ್ಸಿನ ಸಬೂರೋ ಅದನ್ನ ಬೆಳೆಸಿ ತೋರಿಸಿದ. ಆಗ ಪ್ಲೇಗು, ಕಾಲರಾ, ಕ್ಷಯ ಎಲ್ಲದಕ್ಕೂ ರೋಗಾಣು ಸಿಗುತ್ತಿದ್ದ ಕಾಲ. ಮೊಡವೆಗೂ ಕಳ್ಳ ಸಿಕ್ಕಿದ ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು. ರೋಗಾಣು ಅಂದರೆ ಕೊಳಕು, ಕೊಳಕು ಅಂದರೆ ಸೋಪು.

ನಮ್ಮ ಮೈಸೂರು ಸಂಸ್ಥಾನಕ್ಕೆ ಸೋಪು ಬಂದಿದ್ದು ಬೇರೆ ಕಾರಣಕ್ಕೆ. ಮೊದಲ ಮಹಾಯುದ್ಧ ಶುರುವಾಗಿ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯ್ತು. 1918ರಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ ಬೆಂಗಳೂರಿನಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಬಂತು. ಗಂಧ ತೇದು ಹಚ್ಚುತ್ತಿದ್ದ ಕೈಗೆ ಗಂಧದ ಬಿಲ್ಲೆಯೇ ಸಿಕ್ಕಿತು. ಮನೆಮನೆಯಲ್ಲಿ ಸೋಪು ಬಂದ ಮೇಲೆ 'ಮುಖ ತೊಳಿ' ಅನ್ನೋದು ಮೊಡವೆಗೆ ಮೊದಲ ಮದ್ದಾಯ್ತು.

ಆದರೆ ಸೋಪಿಗೂ ಮೊಡವೆಗೂ ಅಂಥಾ ನಂಟಿಲ್ಲ. ಮೊಡವೆ ಹುಟ್ಟೋದು ಚರ್ಮದ ಒಳಗೆ, ರೋಮದ ಕುಳಿಯಲ್ಲಿ. ಆ ಕುಳಿಗೆ ಅಂಟಿಕೊಂಡ ಎಣ್ಣೆ ಗ್ರಂಥಿ ಹರೆಯದಲ್ಲಿ ದಪ್ಪ ಆಗಿ ಹೆಚ್ಚು ಜಿಡ್ಡು ಸುರಿಸುತ್ತೆ. ಕುಳಿಯ ಒಳಗೋಡೆಯ ಜೀವಕೋಶಗಳು ಉದುರಿ ಹೊರಗೆ ಬರೋ ಬದಲು ಒಂದಕ್ಕೊಂದು ಅಂಟಿ ಬಿರಡೆ ಹಾಕ್ತವೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ದೇಹ ಅದರ ಮೇಲೆ ಯುದ್ಧ ಸಾರುತ್ತೆ, ಕೆಂಪಾಗಿ ಊದಿಕೊಳ್ಳುತ್ತೆ. ಆ ಬಿರಡೆಯ ಬಾಯಿ ತೆರೆದಿದ್ದರೆ ಕಪ್ಪು ಚುಕ್ಕೆ ಕಾಣುತ್ತೆ. ಅದು ಕೊಳೆಯಲ್ಲ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್. ಎಷ್ಟು ಉಜ್ಜಿದರೂ ಹೋಗಲ್ಲ. ಸಬೂರೋ ಬೆಳೆಸಿದ ಆ ಬ್ಯಾಕ್ಟೀರಿಯಾ ಕೂಡ ಪರಕೀಯ ಅಲ್ಲ. ಮೊಡವೆ ಇಲ್ಲದ ಮುಖದಲ್ಲೂ ಅದರ ಸಂಸಾರ ಇರುತ್ತೆ. 2016ರಲ್ಲಿ ಅದಕ್ಕೆ 'ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್' ಅಂತ ಹೊಸ ನಾಮಕರಣವೂ ಆಗಿದೆ. ದಿನಕ್ಕೆ ಆರು ಸಲ ಮುಖ ತೊಳೆಯೋರಿಗೆ ಸಿಗೋದು ಒಣಗಿದ, ಉರಿಯುವ ಚರ್ಮ ಮಾತ್ರ. ಎರಡು ಸಲ ಸಾಕು.

ಹೊರಗಿನಿಂದ ಬರುವ ಮೊಡವೆಯೂ ಇದೆ. ಆದರೆ ಅಲ್ಲಿ ಕಾರಣ ನಾವು ಇಷ್ಟಪಟ್ಟು ಮಾಡುವ ಆರೈಕೆ ಇಲ್ಲವೇ ಹೊಟ್ಟೆಪಾಡಿನ ಕೆಲಸ. ತುಮಕೂರು ಅಂದರೆ ಕಲ್ಪತರು ನಾಡು. ಕೊಬ್ಬರಿ ಎಣ್ಣೆಗೆ ಇಲ್ಲಿ ಬರ ಇಲ್ಲ. ತಲೆಗೆ ಧಾರಾಳವಾಗಿ ಹಚ್ಚಿದ ಎಣ್ಣೆ ಹಣೆಗೆ ಇಳಿದು ಅಲ್ಲಿ ಸಾಲಾಗಿ ಗುಳ್ಳೆ ಏಳೋದನ್ನ ನೀವು ನೋಡಿರ್ತೀರಿ. 1970ರಲ್ಲಿ ಅಮೆರಿಕದಲ್ಲಿ ಪ್ಲೆವಿಗ್, ಫುಲ್ಟನ್, ಕ್ಲಿಗ್‌ಮನ್ ಎಂಬ ಮೂವರು, ತಲೆಗೆ ಪೊಮೇಡು ಹಚ್ಚುವ ಕಪ್ಪು ಜನರಲ್ಲಿ ಇದನ್ನ ಕಂಡು 'ಪೊಮೇಡ್ ಆಕ್ನೆ' ಅಂದರು. ಕ್ಲಿಗ್‌ಮನ್ ಮತ್ತು ಮಿಲ್ಸ್ 1972ರಲ್ಲಿ ಮೇಕಪ್ಪಿನಿಂದ ಬರುವ ಮೊಡವೆಯ ಬಗ್ಗೆ ಬರೆದರು. ಅದೇ ಇಬ್ಬರು 1975ರಲ್ಲಿ ಉಜ್ಜಾಟದಿಂದ ಬರುವ ಮೊಡವೆಗೆ 'ಆಕ್ನೆ ಮೆಕ್ಯಾನಿಕಾ' ಅಂತ ಹೆಸರಿಟ್ಟರು. ಅಮೆರಿಕನ್ ಫುಟ್‌ಬಾಲ್ ಆಟಗಾರರ ಹೆಲ್ಮೆಟ್ ಪಟ್ಟಿ ಅದಕ್ಕೆ ಉದಾಹರಣೆ. ಸಿಲ್ಕ್ ಬೋರ್ಡಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಒಂದು ಗಂಟೆ ನಿಲ್ಲೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಿರೇಹಳ್ಳಿಯಲ್ಲಿ ಪ್ರಯೋಗ ಕೇಂದ್ರದ ಜೊತೆ ಕೈಗಾರಿಕಾ ಪ್ರದೇಶವೂ ಇದೆ. ಲೇತು, ಡ್ರಿಲ್ಲಿಂಗ್ ಮೆಷಿನ್ನುಗಳ ಕಟಿಂಗ್ ಆಯಿಲ್ಲಿನಲ್ಲಿ ದಿನವಿಡೀ ಕೈ ಅದ್ದಿ ಕೆಲಸ ಮಾಡೋರಿಗೆ ಮುಂಗೈ, ತೊಡೆಗಳ ಮೇಲೆ ಗುಳ್ಳೆ ಏಳೋದು ಜಗತ್ತಿನ ಎಲ್ಲಾ ಮೆಷಿನ್ ಶಾಪುಗಳಿಗೂ ಗೊತ್ತಿರುವ ವಿಷಯ. ಎಣ್ಣೆ ನೆನೆದ ಬಟ್ಟೆ ಎಲ್ಲಿ ಉಜ್ಜುತ್ತೋ ಅಲ್ಲಿ ಬರುತ್ತೆ. 1899ರಲ್ಲಿ ಜರ್ಮನಿಯ ಹೆರ್ಕ್ಸ್‌ಹೈಮರ್ ಕ್ಲೋರಿನ್ ಕಾರ್ಖಾನೆಯ ಕೂಲಿಗಳಲ್ಲಿ ಇನ್ನೂ ಉಗ್ರವಾದ 'ಕ್ಲೋರಾಕ್ನೆ'ಯನ್ನ ವಿವರಿಸಿದ. 1976ರಲ್ಲಿ ಇಟಲಿಯ ಸೆವೆಸೋದಲ್ಲಿ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಸೋರಿದಾಗ ಮಕ್ಕಳ ಮುಖದಲ್ಲಿ ಕಂಡಿದ್ದು ಅದೇ. ಅಂಥಾ ಗುಳ್ಳೆಗೆ ಮುಖ ತೊಳಿ ಅನ್ನೋದು ಉತ್ತರ ಅಲ್ಲ. ಕಾರ್ಖಾನೆಯಲ್ಲಿ ಏಪ್ರನ್ನು, ಬಟ್ಟೆ ಬದಲಿಸೋ ಜಾಗ, ಎಣ್ಣೆ ಸಿಡಿಯದ ಹಾಗೆ ಕವಚ ಇದೆಯಾ ಅಂತ ಕೇಳಬೇಕು. ಅಲ್ಲಿ ಹೊಣೆ ಮಾಲೀಕರದ್ದು.

ಮೂರನೇದು ಫ್ರೆಂಡ್ಸ್ ಮಾಡಿದ ಆರೋಪ. ಆಸೆ.

ತಮಾಷೆ ಅನ್ನಿಸಬಹುದು, ಆದರೆ ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ವೈದ್ಯರೇ ಮೊಡವೆಯನ್ನ ಹಸ್ತಮೈಥುನಕ್ಕೆ, ಕಾಮದ ಯೋಚನೆಗಳಿಗೆ ಗಂಟು ಹಾಕ್ತಿದ್ದರು. ಮೊಡವೆ ಇದ್ದ ಹುಡುಗನ ಮುಖವೇ ಅವನ ಗುಟ್ಟಿನ ಜಾಹೀರಾತು. ನಮ್ಮಲ್ಲಿ ಹುಡುಗಿಯರಿಗೆ ಹೇಳೋ "ಮದ್ವೆ ಆದ್ಮೇಲೆ ಎಲ್ಲಾ ಸರಿಹೋಗುತ್ತೆ" ಅನ್ನೋದೂ ಇದೇ ಜಾತಿಯ ಮಾತು. ಒಗಟಿನ ಉತ್ತರ ಸಿಕ್ಕಿದ್ದು 1941ರಲ್ಲಿ. ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಸಂಶೋಧಕ, ಹರೆಯಕ್ಕೆ ಮುಂಚೆ ವೃಷಣ ಕಳೆದುಕೊಂಡ ಗಂಡಸರಿಗೆ ಮೊಡವೆ ಬರಲ್ಲ, ಅವರಿಗೆ ಪುರುಷ ಹಾರ್ಮೋನು ಕೊಟ್ಟರೆ ಬರಬಹುದು ಅಂತ ತೋರಿಸಿದ. ಎಣ್ಣೆ ಗ್ರಂಥಿಗೆ ಕೆಲಸ ಹಚ್ಚೋದು ಆ ಹಾರ್ಮೋನು. ಅದು ಹೆಂಗಸರ ದೇಹದಲ್ಲೂ ಸ್ವಲ್ಪ ಇರುತ್ತೆ. ಸುಶ್ರುತ ಹೇಳಿದ 'ಹರೆಯ'ಕ್ಕೆ ಕೊನೆಗೂ ಒಂದು ರಾಸಾಯನಿಕ ವಿಳಾಸ ಸಿಕ್ಕಿತು. ಆಸೆ ಮತ್ತು ಮೊಡವೆ ಒಂದೇ ಕಾಲಕ್ಕೆ ಬರೋದು ನಿಜ. ಒಂದು ಇನ್ನೊಂದಕ್ಕೆ ಕಾರಣ ಅಲ್ಲ.

ಮೂವತ್ತು ದಾಟಿದ ಹೆಣ್ಣುಮಕ್ಕಳಿಗೆ ಈ ಮಾತು ಮುಖ್ಯ. ದವಡೆ, ಗದ್ದದ ಸುತ್ತ ಮತ್ತೆ ಮತ್ತೆ ಮೊಡವೆ, ಜೊತೆಗೆ ಮುಟ್ಟು ಏರುಪೇರು, ಮುಖದ ಮೇಲೆ ಕೂದಲು ಇದ್ದರೆ ಅದು ಪಿಸಿಓಎಸ್ ಇರಬಹುದು. 1935ರಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ವಿವರಿಸಿದ ಸಮಸ್ಯೆ ಅದು. ಇದಕ್ಕೆ ಫೇಸ್‌ವಾಶ್ ಬದಲಿಸ್ತಾ ಕೂರೋದು ವರ್ಷಗಳ ವ್ಯರ್ಥ. ಹಾಗೇ ಜಿಮ್ಮಿನಲ್ಲಿ ಯಾರೋ ಕೊಟ್ಟ ಇಂಜೆಕ್ಷನ್ನಿನಿಂದ ಬೆನ್ನು ತುಂಬ ಗುಳ್ಳೆ ಎದ್ದ ಹುಡುಗರು ಸೇವಿಸ್ತಿರೋದು ಹ್ಯಾಮಿಲ್ಟನ್ ಹೇಳಿದ ಹಾರ್ಮೋನಿನ ಬಂಧುಗಳನ್ನೇ.

ಊಟದ ಕಡೆಗೆ ಇನ್ನೊಮ್ಮೆ ಬರಬೇಕು, ಯಾಕಂದ್ರೆ ವಿಜ್ಞಾನವೇ ಇಲ್ಲಿ ಒಮ್ಮೆ ಎಡವಿದೆ. 1969ರಲ್ಲಿ ಫುಲ್ಟನ್, ಪ್ಲೆವಿಗ್, ಕ್ಲಿಗ್‌ಮನ್ 65 ಜನಕ್ಕೆ ಚಾಕೊಲೇಟ್ ಕೊಟ್ಟು ನೋಡಿ, ಮೊಡವೆಗೂ ಚಾಕೊಲೇಟಿಗೂ ಸಂಬಂಧ ಇಲ್ಲ ಅಂದರು. ಚಾಕೊಲೇಟ್ ತಯಾರಕರ ಸಂಘದ ನೆರವು ಈ ಪ್ರಯೋಗಕ್ಕಿತ್ತು. ಹೋಲಿಕೆಗೆ ಕೊಟ್ಟ ಇನ್ನೊಂದು ಬಾರಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಸಕ್ಕರೆ, ಅಷ್ಟೇ ಕೊಬ್ಬು ಇತ್ತು. ಕೊಕೋ ನಿರಪರಾಧಿ ಅಂತ ಸಾಬೀತಾಯ್ತೇ ಹೊರತು ಸಕ್ಕರೆಯ ವಿಚಾರಣೆ ಆಗಲೇ ಇಲ್ಲ. ಆದರೂ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಅಂತ ದಶಕಗಳ ಕಾಲ ವೈದ್ಯರು ಹೇಳ್ತಾ ಬಂದರು.

2002ರಲ್ಲಿ ಕೋರ್ಡೇನ್ ಮತ್ತು ಸಂಗಡಿಗರು ಪಾಪುವಾ ನ್ಯೂಗಿನಿಯ ಕಿಟಾವಾ ದ್ವೀಪದ 1200 ಜನ, ಪರಾಗ್ವೆಯ ಆಚೆ ಬುಡಕಟ್ಟಿನ 115 ಜನರನ್ನ ಪರೀಕ್ಷಿಸಿದ್ದನ್ನ ಪ್ರಕಟಿಸಿದರು. ಒಬ್ಬರಿಗೂ ಮೊಡವೆ ಇರಲಿಲ್ಲ. ಅವರ ಊಟದಲ್ಲಿ ಮಿಲ್ಲಿನ ಹಿಟ್ಟು, ಸಕ್ಕರೆ ಇಲ್ಲದ ಹಾಗೇ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಹುಡುಗರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನ ದಿಢೀರನೆ ಏರಿಸದ ಊಟ ಮಾಡಿದವರಿಗೆ ಮೊಡವೆ ಹೆಚ್ಚು ಇಳಿಯಿತು. ಹಾಗಂತ ಊಟ ಒಂದರಿಂದಲೇ ಎಲ್ಲಾ ಸರಿಹೋಗಲ್ಲ. ಆದರೆ ಅಜ್ಜಿಯ ಕಣ್ಣು ಹಲಸಿನ ತೊಳೆಯ ಮೇಲೆ ಇದ್ದಾಗ, ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಕಾಫಿ, ಬೇಕರಿಯ ಬನ್ನು, ಕೋಲಾ ತಪ್ಪಿಸಿಕೊಂಡು ಓಡಾಡ್ತಿದ್ದವು. ಊರಲ್ಲಿ ಮುದ್ದೆ ತಿಂದವರು, ಬೆಂಗಳೂರಿಗೆ ಬಂದು ಪಿಜಿಯ ಮೈದಾ ಪರೋಟದ ಮೇಲೆ ಬದುಕೋರು ಇದನ್ನ ತಮ್ಮ ಮುಖದಲ್ಲೇ ನೋಡಿಕೊಳ್ಳಬಹುದು.

ಇನ್ನು ಮದ್ದಿನ ಕಥೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಮೊಡವೆಗೆ ಅತ್ಯಾಧುನಿಕ ಚಿಕಿತ್ಸೆ ಯಾವುದು ಗೊತ್ತಾ? ಎಕ್ಸ್-ರೇ. 1895ರಲ್ಲಿ ರಾಂಟ್‌ಜೆನ್ ಅದನ್ನ ಕಂಡುಹಿಡಿದ ಸ್ವಲ್ಪ ವರ್ಷಕ್ಕೇ ವೈದ್ಯರು ಹದಿಹರೆಯದವರ ಮುಖಕ್ಕೆ ಕಿರಣ ಹಾಯಿಸತೊಡಗಿದರು. ಎಣ್ಣೆ ಗ್ರಂಥಿ ಬಾಡುತ್ತಿತ್ತು, ಮೊಡವೆ ಕಡಿಮೆ ಆಗ್ತಿತ್ತು. ದಶಕಗಳ ನಂತರ ಅದೇ ಜನಕ್ಕೆ ಥೈರಾಯ್ಡ್ ಕ್ಯಾನ್ಸರು, ಚರ್ಮದ ಕ್ಯಾನ್ಸರು. ಜೀವಕ್ಕೆ ಅಪಾಯವಿಲ್ಲದ ತೊಂದರೆಗೆ ಜೀವ ತೆಗೆಯುವ ಮದ್ದು.

ಈಗ ವಿಟಮಿನ್ 'ಎ' ನೆನಪು ಮಾಡಿಕೊಳ್ಳಿ. 1940ರ ದಶಕದಲ್ಲೇ ಅದನ್ನ ಭಾರಿ ಪ್ರಮಾಣದಲ್ಲಿ ನುಂಗಿಸಿ ನೋಡಿದವರಿದ್ದರು. ಆದರೆ ಆ ಮಟ್ಟಕ್ಕೆ ಅದು ವಿಷವೇ. 1969ರಲ್ಲಿ ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ತನ್ನ ಸಂಗಡಿಗರ ಜೊತೆ, ವಿಟಮಿನ್ 'ಎ' ಆಸಿಡ್ ಅಂದರೆ ಟ್ರೆಟಿನಾಯಿನ್ ಅನ್ನ ಮುಖಕ್ಕೆ ಹಚ್ಚಿದರೆ ಆ ಬಿರಡೆಯೇ ಸಡಿಲ ಆಗುತ್ತೆ ಅಂತ ತೋರಿಸಿದ. ಪೊಮೇಡು, ಮೇಕಪ್ಪು, ಹೆಲ್ಮೆಟ್ಟು, ಚಾಕೊಲೇಟು ಎಲ್ಲದರಲ್ಲೂ ಬಂದ ಅದೇ ಕ್ಲಿಗ್‌ಮನ್. ಮೊಡವೆಯ ಬಗ್ಗೆ ನಮಗೆ ಇವತ್ತು ಗೊತ್ತಿರುವುದರಲ್ಲಿ ದೊಡ್ಡ ಪಾಲು ಈತನ ಪ್ರಯೋಗಾಲಯದ್ದು.

ಆ ಪ್ರಯೋಗಾಲಯದ ಒಂದು ಭಾಗ ಜೈಲಿನಲ್ಲಿತ್ತು. 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೈಮೇಲೆ ಕ್ಲಿಗ್‌ಮನ್ ನೂರಾರು ಪದಾರ್ಥ ಹಚ್ಚಿ ನೋಡಿದ. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ, ಬಡವರು. ಚೂರುಪಾರು ದುಡ್ಡಿಗೆ ಬೆನ್ನು ಕೊಟ್ಟರು. ತಮಗೆ ಏನು ಹಚ್ಚುತ್ತಿದ್ದಾರೆ ಅನ್ನೋದು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಟ್ರೆಟಿನಾಯಿನ್ ಪರೀಕ್ಷೆ ಆಗಿದ್ದು ಅಲ್ಲಿ. ಕ್ಲೋರಾಕ್ನೆ ತರುವ ಡಯಾಕ್ಸಿನ್ ಅನ್ನ ಬೇಕಂತಲೇ ಹಚ್ಚಿ ನೋಡಿದ್ದೂ ಅಲ್ಲೇ. ಕ್ಲಿಗ್‌ಮನ್ 2010ರಲ್ಲಿ ತೀರಿಕೊಂಡ. ಫಿಲಡೆಲ್ಫಿಯಾ ನಗರಾಡಳಿತ ಆ ಕೈದಿಗಳ ಕ್ಷಮೆ ಕೇಳಿದ್ದು 2022ರಲ್ಲಿ. ರಾತ್ರಿ ಮಲಗುವಾಗ ಬಟಾಣಿ ಕಾಳಿನಷ್ಟು ಜೆಲ್ ಹಚ್ಚಿಕೊಳ್ಳುವ ನಮಗೆ ಈ ಸಾಲ ಗೊತ್ತಿರಬೇಕು.

ಅದೇ ಮನೆತನದ ಇನ್ನೊಂದು ಮದ್ದು ಐಸೋಟ್ರೆಟಿನಾಯಿನ್ ಮಾತ್ರೆ. 1979ರಲ್ಲಿ ಪೆಕ್ ಮತ್ತು ಸಂಗಡಿಗರು ಉಗ್ರ ಮೊಡವೆಯ 14 ರೋಗಿಗಳಿಗೆ ಕೊಟ್ಟಾಗ 13 ಜನಕ್ಕೆ ಪೂರ್ತಿ ವಾಸಿ ಆಯ್ತು. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಮುಖದಲ್ಲಿ ಗುಂಡಿ ಬಿದ್ದು ಮನೆಯಿಂದ ಹೊರಗೇ ಬರದಿದ್ದವರಿಗೆ ಇದು ಮರುಜನ್ಮ ಕೊಟ್ಟಿದೆ. ಆದರೆ ಬಸುರಿಯರು ತೆಗೆದುಕೊಂಡರೆ ಮಗುವಿಗೆ ಘೋರ ಅಂಗವೈಕಲ್ಯ. ಹಾಗಾಗಿ ವೈದ್ಯರ ಕಣ್ಗಾವಲು, ರಕ್ತಪರೀಕ್ಷೆ ಇಲ್ಲದೆ, ಗೆಳತಿ ತೆಗೆದುಕೊಂಡಳು ಅಂತ ನೀವೂ ತೆಗೆದುಕೊಳ್ಳೋ ಮಾತ್ರೆ ಇದಲ್ಲ.

ಇಷ್ಟೆಲ್ಲ ಆದರೂ ನಮ್ಮೂರಿನ ಮೊಡವೆಗೆ ಹೆಚ್ಚಾಗಿ ಬೀಳ್ತಿರೋದು ಬೇರೆಯೇ ಮದ್ದು. ನಮ್ಮ ಕಂದು ಚರ್ಮದಲ್ಲಿ ಮೊಡವೆ ಒಣಗಿದ ಮೇಲೆ ಕಪ್ಪು ಕಲೆ ಉಳಿಯುತ್ತೆ, ತಿಂಗಳುಗಟ್ಟಲೆ ಇರುತ್ತೆ. ಅದಕ್ಕೆ ಸಾಕ್ಷಿಯಾಗಿ ಹೆಣ್ಣು ನೋಡೋಕೆ ಬರುವವರ ಕಣ್ಣು, ಆಫೀಸಿನ ವೀಡಿಯೋ ಕಾಲು. ಬೆಳ್ಳಗಿದ್ದರೆ ಚಂದ ಅನ್ನೋ ನಮ್ಮ ಹಳೇ ಕಾಯಿಲೆಯೂ ಜೊತೆಗೆ ಸೇರಿ, ಜನ ಓಡೋದು ಮೆಡಿಕಲ್ ಸ್ಟೋರಿಗೆ. "ಅಣ್ಣಾ, ಕಲೆ ಹೋಗೋಕೆ ಏನಾದ್ರೂ ಕೊಡಿ." ಅಲ್ಲಿ ಸಿಗೋ ಟ್ಯೂಬಿನಲ್ಲಿ ಬಹಳ ಸಲ ಇರೋದು ಸ್ಟೀರಾಯ್ಡ್.

ಇದಕ್ಕೂ ಒಂದು ವಂಶಾವಳಿ ಇದೆ. ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ 1952ರಲ್ಲಿ ಬಂತು. ಇಸುಬಿನಂಥ ಕಾಯಿಲೆಗೆ ಅದು ವರವೇ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್, ಚರ್ಮದ ಕಪ್ಪು ತೆಗೆಯಲು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮೂರನ್ನೂ ಸೇರಿಸಿ ಒಂದು ಸೂತ್ರ ಬರೆದರು. ಅದರ ಮೊಮ್ಮಕ್ಕಳು, ಡೆಕ್ಸಾಮೆಥಾಸೋನ್ ಬದಲು ಮೊಮೆಟಾಸೋನ್ ಹಾಕಿಕೊಂಡು, ನಮ್ಮ ಅಂಗಡಿಗಳಲ್ಲಿ ಕೂತಿದ್ದಾರೆ. ವೈದ್ಯರ ಕಣ್ಣೆದುರು ಕೆಲವು ವಾರಕ್ಕೆ ಅಂತ ಮಾಡಿದ್ದನ್ನ ಜನ ವರ್ಷಗಟ್ಟಲೆ ಸ್ನೋ ಥರ ಹಚ್ಚುತ್ತಾರೆ.

ಇದರ ಮೋಸ ಏನು ಅಂದ್ರೆ, ಮೊದಲ ವಾರ ನಿಜಕ್ಕೂ ಕೆಲಸ ಮಾಡುತ್ತೆ. ಕೆಂಪು ಇಳಿಯುತ್ತೆ, ಮುಖ ಹೊಳೆಯುತ್ತೆ. ಬಿಟ್ಟರೆ ಎರಡರಷ್ಟಾಗಿ ವಾಪಸ್ ಬರುತ್ತೆ, ಉರಿ ಬೇರೆ. ಹಾಗಾಗಿ ಬಿಡೋಕಾಗಲ್ಲ. ಆಮೇಲೆ ಚರ್ಮ ತೆಳುವಾಗಿ ನರ ಕಾಣೋದು, ಮುಖದ ಮೇಲೆ ಕೂದಲು, ಬಿಸಿಲಿಗೆ ಹೋದರೆ ಬೆಂಕಿ, ಮತ್ತು ಸ್ಟೀರಾಯ್ಡಿನಿಂದಲೇ ಹುಟ್ಟಿದ ಹೊಸ ಮೊಡವೆ. 2011ರಲ್ಲಿ ದೇಶದ 12 ಚರ್ಮರೋಗ ಕೇಂದ್ರಗಳು ಸೇರಿ ನಡೆಸಿದ ಅಧ್ಯಯನ ಪ್ರಕಟವಾಯ್ತು. ಮುಖದ ತೊಂದರೆ ಅಂತ ಬಂದ 2926 ಜನರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಕ್ರೀಮು ಹಚ್ಚುತ್ತಿದ್ದರು. ಅದರಿಂದಾದ ಹಾನಿಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾಗಿದ್ದು ಮೊಡವೆಯೇ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡುಗಳ ಕ್ರೀಮುಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂತ ನಿಯಮ ಮಾಡಿತು. ನಿಯಮ ಇದ್ದರೂ ಟ್ಯೂಬು ಕೈಗೆ ಸಿಗ್ತಾನೇ ಇದೆ.

ಆದ್ದರಿಂದ ಒಂದು ಕೆಲಸ ಮಾಡಿ. ಬಾತ್‌ರೂಮಿನ ಶೆಲ್ಫಿನಲ್ಲಿರೋ ಟ್ಯೂಬು ತೆಗೆದು ಹಿಂದುಗಡೆಯ ಸಣ್ಣಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲೂಸಿನೋಲೋನ್, ಈ ಹೆಸರುಗಳಲ್ಲಿ ಒಂದಿದ್ದರೆ ಅದು ಮೊಡವೆಯ ಮದ್ದಲ್ಲ. ತುಂಬ ದಿನದಿಂದ ಹಚ್ಚುತ್ತಿದ್ದರೆ ನೀವಾಗಿ ದಿಢೀರನೆ ನಿಲ್ಲಿಸದೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಟ್ಯೂಬನ್ನೂ ತೆಗೆದುಕೊಂಡೇ ಹೋಗಿ. ಊರಲ್ಲಿರುವ ತಮ್ಮ ತಂಗಿಯರ ಶೆಲ್ಫನ್ನೂ ಒಮ್ಮೆ ನೋಡಿ. ನಿಂಬೆರಸ, ಟೂತ್‌ಪೇಸ್ಟ್, ಬೆಳ್ಳುಳ್ಳಿ ಕೂಡ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನೂ ಕಪ್ಪಾಗುತ್ತೆ.

ಸಾಮಾನ್ಯ ಮೊಡವೆಗೆ ಇರೋ ಮದ್ದು ಹಳೆಯದು, ಅಷ್ಟೇನೂ ದುಬಾರಿಯಲ್ಲ. ಬ್ಯಾಕ್ಟೀರಿಯಾ ಕಡಿಮೆ ಮಾಡೋ ಬೆನ್ಝಾಯ್ಲ್ ಪೆರಾಕ್ಸೈಡ್ 1960ರ ದಶಕದಿಂದ ಬಳಕೆಯಲ್ಲಿದೆ. ಅದರ 2.5% ಕೂಡ 10%ನಷ್ಟೇ ಕೆಲಸ ಮಾಡುತ್ತೆ, ಉರಿ ಕಡಿಮೆ. ಬಿರಡೆ ಬಿಡಿಸೋಕೆ ಅಡಾಪಲೀನ್ ಅಥವಾ ಟ್ರೆಟಿನಾಯಿನ್. ಇವನ್ನ ಗುಳ್ಳೆಯ ಮೇಲೆ ಚುಕ್ಕೆ ಇಡೋದಲ್ಲ, ಮೊಡವೆ ಬರೋ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಬಸುರಿಯಾಗಿದ್ದರೆ ಅಥವಾ ಆಗೋ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಕಪ್ಪು ಕಲೆಗೆ ಸನ್‌ಸ್ಕ್ರೀನು ಮತ್ತು ಸಮಯ. ಗಂಟು ಗಂಟಾಗಿ ನೋವು ಕೊಡೋ ಮೊಡವೆ, ಗುಂಡಿ ಬೀಳ್ತಿರೋ ಮೊಡವೆ ಇದ್ದರೆ ಒಂದು ವಾರವೂ ಕಾಯಬೇಡಿ. ಹಿರೇಹಳ್ಳಿಯವರಿಗೆ ಅದಕ್ಕೆ ಬೆಂಗಳೂರಿನ ಗ್ಲಾಮರ್ ಕ್ಲಿನಿಕ್ಕೇ ಆಗಬೇಕಿಲ್ಲ. ತುಮಕೂರಿನ ಜಿಲ್ಲಾಸ್ಪತ್ರೆ, ಅಗಳಕೋಟೆಯ ಮೆಡಿಕಲ್ ಕಾಲೇಜು ಅಲ್ಲೇ ಹತ್ತಿರ ಇವೆ.

ಕೊನೆಗೆ ಒಂದು ಲೆಕ್ಕ. ಇವತ್ತು ಕಾಣುವ ಮೊಡವೆಯ ಬಿರಡೆ ಚರ್ಮದೊಳಗೆ ಕಟ್ಟಲು ಶುರುವಾಗಿದ್ದು ವಾರಗಳ ಹಿಂದೆ. ಹಾಗಾಗಿ ಯಾವ ಸರಿಯಾದ ಮದ್ದಿಗೂ 8ರಿಂದ 12 ವಾರ ಬೇಕು. ಮೂರೇ ದಿನದಲ್ಲಿ ಹೊಳಪು ಕೊಡೋ ಟ್ಯೂಬಿನ ಮೇಲೆ ಅನುಮಾನ ಇರಲಿ. ಆ 12 ವಾರದಲ್ಲಿ ಮೊಡವೆ ಬಂದವರಿಗೆ ಮನೆಯವರು ಮಾಡಬಹುದಾದ ದೊಡ್ಡ ಉಪಕಾರ ಅಂದರೆ, ಕಾರಣ ಕೇಳದೆ ಸುಮ್ಮನಿರೋದು. ಹಲಸಿನಹಣ್ಣು ಮುಂದಿಟ್ಟರೆ ಇನ್ನೂ ಒಳ್ಳೇದು.